ಗುಜರಿಗೆ ಹಾಕಬೇಕಾದದ್ದು ಯಾವುದು?

ನಮ್ಮ ಮನೆಯ ಚಾವಡಿಯ ಮೂಲೆಯಲ್ಲಿ ಹಳೆಯ ಸೀರೆಯ ತುಂಡೊಂದನ್ನು ಹೊದ್ದು ಕುಳಿತಿರುವ ಗಣಕಯಂತ್ರವನ್ನು ಕಂಡವರೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಇದನ್ನು ಇನ್ನೂ ಇಟ್ಟುಕೊಂಡಿದ್ದೀರಾ ಮಾಷ್ಟ್ರೇ?" ಬೆಂಗಳೂರಿನಲ್ಲಿರುವ ಮಗನಂತೂ ಪ್ರತಿ ರಜೆಯಲ್ಲಿಯೂ "ಅಪ್ಪಾ, ಗುಜರಿಯವನಿಗೆ ಕೊಟ್ಟುಬಿಡಿ, ನಿಮಗೆ ಬೇಕಾದದ್ದನ್ನೆಲ್ಲ ಕ್ಲೌಡಿಗೆ ಹಾಕಿಕೊಡುತ್ತೇನೆ" ಎನ್ನುತ್ತಾನೆ. ಆಲಂಕಾರಿನಂತಹ ಊರಿನಲ್ಲಿ, ಮಳೆಗಾಲದಲ್ಲಿ ಕರೆಂಟು ಇದ್ದ ದಿನಗಳನ್ನು ಬೆರಳಿನಲ್ಲಿ ಎಣಿಸುವ ನಮಗೆ, ಮೋಡವೆಂದರೆ ಬೇರೆಯೇ ನೆನಪಾಗುತ್ತದೆ ಎಂಬುದನ್ನು ಅವನಿಗೆ ಹೇಳಿ ಪ್ರಯೋಜನವಿಲ್ಲ.

ಆ ಯಂತ್ರವನ್ನು ನಾನು ಕೊಂಡದ್ದು 2003ರಲ್ಲಿ, ಭವಿಷ್ಯನಿಧಿಯಿಂದ ಸಾಲ ತೆಗೆದು. ಆಗ ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕ. ಅಂಗಡಿಯವರು ವಿಂಡೋಸ್ 98 ಹಾಕಿ ಕೊಟ್ಟರು. ಅಂದಿನಿಂದ ಇಂದಿನವರೆಗೆ ಅದು ಕಂಡ ಕಷ್ಟಗಳು ಒಂದೆರಡಲ್ಲ. ಎರಡು ಮೋಡೆಮ್‌ಗಳನ್ನು ಸಿಡಿಲು ತಿಂದಿತು. ಒಂದು ವರ್ಷ ಪೆಟ್ಟಿಗೆಯೊಳಗೆ ಇರುವೆಗಳು ಗೂಡು ಕಟ್ಟಿ ಮೊಟ್ಟೆಯಿಟ್ಟವು. ಹಲ್ಲಿಯೊಂದು ಫ್ಯಾನಿಗೆ ಸಿಕ್ಕಿ ಪ್ರಾಣ ಬಿಟ್ಟಿತು. ಒಳಗಿನ ಗುಂಡಿ ಸೆಲ್ ಮುಗಿದುದರಿಂದ ಪ್ರತಿ ಸಲ ಚಾಲೂ ಮಾಡಿದಾಗಲೂ ಅದು ತನ್ನನ್ನು ಯಾವುದೋ ಹಳೆಯ ಜನವರಿ 1ರಲ್ಲಿ ಕಂಡುಕೊಳ್ಳುತ್ತಿತ್ತು. ನಿವೃತ್ತರ ಪೈಕಿ ಅಂತಹವರು ನಮ್ಮಲ್ಲಿಯೂ ಇದ್ದಾರೆ, ಇರಲಿ.

ಆದರೆ ಅದರ ಹೊಟ್ಟೆಯಲ್ಲಿ ಎರಡು ಸಂಗತಿಗಳಿದ್ದವು. ಒಂದು, ನನ್ನ ವಿದ್ಯಾರ್ಥಿಗಳು ಆರು ವರ್ಷಗಳ ಕಾಲ ತಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ತಂದ ಕೃಷಿಯ ಪದಗಳ ಪಟ್ಟಿ. ಅಡಿಕೆ ಮರವನ್ನು ಸೀಳಿ ನೀರು ಹರಿಸುತ್ತಿದ್ದ ದಂಬೆ, ಮೈಲುತುತ್ತಿನ ದ್ರಾವಣ ಬರುವ ಮೊದಲು ಕೊಳೆರೋಗದಿಂದ ಗೊನೆಯನ್ನು ಕಾಯಲು ಕಟ್ಟುತ್ತಿದ್ದ ಕೊಟ್ಟೆ, ತೋಡಿಗೆ ಅಡ್ಡವಾಗಿ ಮಣ್ಣು ಸೊಪ್ಪು ಹಾಕಿ ಕಟ್ಟುತ್ತಿದ್ದ ಕಟ್ಟ, ಹೀಗೆ. ಎರಡನೆಯದು, 'ನೆರೆ' ಎಂಬ ಹೆಸರಿನ ಹತ್ತೊಂಬತ್ತು ಪುಟಗಳ ಕಡತ. 1974ರ ನೆರೆಯಲ್ಲಿ ಕುಮಾರಧಾರೆಯೂ ನೇತ್ರಾವತಿಯೂ ಉಪ್ಪಿನಂಗಡಿಯಲ್ಲಿ ಒಂದಾಗಿ ಏರಿ ಬಂದ ಬಗೆಯನ್ನು, ಶಾಂತಿಮೊಗರಿನಲ್ಲಿ ಸೇತುವೆ ಇಲ್ಲದ ಕಾಲದ ದೋಣಿಯ ಬದುಕನ್ನು ಕಣ್ಣಾರೆ ಕಂಡವರು ಹೇಳಿದ್ದು. ಅದರಲ್ಲಿ ನನ್ನ ಅಮ್ಮನ ಮಾತೂ ಇತ್ತು. 1923ರ ಮಾರಿಬೊಳ್ಳದ ಕಥೆಯನ್ನು ಆಕೆ ತನ್ನ ಅತ್ತೆಯಿಂದ ಕೇಳಿದ್ದಳು. 2004ರಲ್ಲಿ ಅಡಿಕೆ ಸುಲಿಯುತ್ತ ಕುಳಿತು ನನಗೆ ಹೇಳಿದಳು, ನಾನು ಬರೆದುಕೊಂಡೆ. 2009ರಲ್ಲಿ ಆಕೆ ತೀರಿಕೊಂಡಳು. ಹೇಳಿದವರಲ್ಲಿ ಈಗ ಯಾರೂ ಉಳಿದಿಲ್ಲ.

ಬರೆದುಕೊಂಡ ಪುಸ್ತಕಗಳು ಎಲ್ಲಿ ಎಂದು ನೀವು ಕೇಳಬಹುದು. ಅಟ್ಟದ ಮೇಲಿದ್ದ ಅವನ್ನು ಒರಲೆ ತಿಂದಿತು. ತಿನ್ನುವಾಗ ನಾನು ಬೆಚ್ಚಲೂ ಇಲ್ಲ. "ಹೋಗಲಿ, ಕಂಪ್ಯೂಟರಿನಲ್ಲಿದೆಯಲ್ಲ" ಎಂದೆ. ಅಷ್ಟೇ ಅಲ್ಲ, ಶಾಲೆಯ ಸಹೋದ್ಯೋಗಿಗಳಿಗೂ ಅದೇ ಧೈರ್ಯದಿಂದ ಉಪದೇಶಿಸಿದೆ. ಇನ್ನೊಬ್ಬರನ್ನು ದೂರುವ ಮೊದಲು ಈ ಮಾತನ್ನು ಒಪ್ಪಿಕೊಂಡುಬಿಡುವುದು ನ್ಯಾಯ.

ಕಳೆದ ಆಟಿಯಲ್ಲಿ ಯಂತ್ರ ಕೊನೆಯ ಉಸಿರೆಳೆಯುವ ಲಕ್ಷಣ ತೋರಿತು. ಪೆನ್‌ಡ್ರೈವ್ ಸಿಕ್ಕಿಸಿದರೆ ಅದಕ್ಕೆ ಗುರುತೇ ಇಲ್ಲ. ವಿಂಡೋಸ್ 98ಕ್ಕೆ ಪ್ರತಿಯೊಂದು ಪೆನ್‌ಡ್ರೈವಿಗೂ ಬೇರೆ ಚಾಲಕ ತಂತ್ರಾಂಶ ಬೇಕು. ಫ್ಲಾಪಿಯೊಂದರಲ್ಲಿ ಹಿಡಿಯುವುದು 1.44 ಎಂಬಿ, ಅದೂ ನಮ್ಮ ಊರಿನ ತೇವಕ್ಕೆ ಬೂಸು ಹಿಡಿದು ಕೂತಿದೆ. ಪೇಟೆಗೆ ಒಯ್ದಾಗ ದುರಸ್ತಿಯ ಹುಡುಗ ಮುಚ್ಚಳ ತೆಗೆಯುವ ಮೊದಲೇ "ಗುಜರಿ" ಎಂದು ತೀರ್ಪಿತ್ತ. ಕೊನೆಗೆ ಅವನಿಂದಲೇ ಹಾರ್ಡ್‌ಡಿಸ್ಕನ್ನು ಬಿಚ್ಚಿಸಿ, ಅಗಲವಾದ ಹಳೆಯ ಐಡಿಇ ಪಟ್ಟಿಯನ್ನು ಯುಎಸ್‌ಬಿಗೆ ಜೋಡಿಸುವ ಒಂದು ಸಣ್ಣ ಸಾಧನವನ್ನು ತರಿಸಿ ಮಗನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಡಿಸ್ಕು ತಿರುಗಿತು. 214 ಕಡತಗಳು, ಎಲ್ಲವೂ ಸೇರಿ ಹನ್ನೊಂದು ಎಂಬಿ. ನನ್ನ ಹದಿನೈದು ವರ್ಷಗಳ ಬರವಣಿಗೆಯೆಲ್ಲ ಮೊಮ್ಮಗಳು ಬೆಕ್ಕಿನ ಮರಿಯನ್ನು ತೆಗೆದ ಒಂದು ವೀಡಿಯೊಗಿಂತ ಹಗುರ. ನಕಲಾಗಲು ಒಂದು ನಿಮಿಷ ಬೇಕಾಗಲಿಲ್ಲ.

ಸಂತೋಷದಿಂದ ಮೊದಲ ಕಡತವನ್ನು ತೆರೆದೆ. ಅಲ್ಲಿ ಕನ್ನಡವಿರಲಿಲ್ಲ.

ಇಂಗ್ಲಿಷಿನ 'ಪಿ', ತಲೆಯ ಮೇಲೆ ಓರೆಗೀಟು ಹೊತ್ತ 'ಎ', ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಅದೇ 'ಎ', ಜರ್ಮನರ ಒಂದು ಅಕ್ಷರ, ಆಮೇಲೆ 'ಕ್ಯೂ', ಮತ್ತೊಮ್ಮೆ ಗೀಟಿನ 'ಎ'. ಇದು ಏನೆಂದು ಬಲ್ಲಿರಾ? 'ಕನ್ನಡ' ಎಂಬ ಪದ! ನಮ್ಮ ಭಾಷೆಯ ಹೆಸರನ್ನು ನಾವು ಗಣಕಯಂತ್ರದಲ್ಲಿ ವರ್ಷಗಟ್ಟಲೆ ಬರೆದಿಟ್ಟದ್ದು ಈ ರೂಪದಲ್ಲಿ.

ತರಗತಿಯಲ್ಲಿ ಹೇಳುವಂತೆಯೇ ಹೇಳುತ್ತೇನೆ. ತಿಳಿದವರು ಮುಂದಿನ ಪ್ಯಾರಾಕ್ಕೆ ಹೋಗಬಹುದು. ಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಇಂಗ್ಲಿಷಿನ ದೊಡ್ಡ 'ಪಿ'ಗೆ ಲೋಕವೆಲ್ಲ ಒಪ್ಪಿದ ಸಂಖ್ಯೆ 80. ನಮ್ಮವರು ಮಾಡಿದ್ದೇನೆಂದರೆ, ಆ ಸಂಖ್ಯೆಗಳನ್ನು ಹಾಗೆಯೇ ಇಟ್ಟು, ಅವುಗಳ ಮೇಲಿನ ಚಿತ್ರವನ್ನು ಮಾತ್ರ ಬದಲಿಸಿದ್ದು. 80ರ ಜಾಗದಲ್ಲಿ ತಲೆಕಟ್ಟಿಲ್ಲದ 'ಕ'ದ ಬುಡ, 192ರ ಜಾಗದಲ್ಲಿ ತಲೆಕಟ್ಟು. ಎರಡನ್ನು ಜೋಡಿಸಿದರೆ ಕಣ್ಣಿಗೆ 'ಕ'. ಯಂತ್ರದ ಮಟ್ಟಿಗೆ ಅದು ಇಂಗ್ಲಿಷೇ. ಆ ಫಾಂಟ್ ಇರುವ ತನಕ ವೇಷ ನಿಲ್ಲುತ್ತದೆ. ಫಾಂಟ್ ಇಲ್ಲದ ಯಂತ್ರಕ್ಕೆ ಹೋದ ಕೂಡಲೇ, ಯಕ್ಷಗಾನ ಮುಗಿದ ಮೇಲೆ ಚೌಕಿಯಲ್ಲಿ ಕಿರೀಟ ಕಳಚಿ ಕುಳಿತವನಂತೆ, ಒಳಗಿನವನು ಕಾಣುತ್ತಾನೆ. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ 'ಕ' ಎಂದರೆ 3221, ಟೋಕಿಯೋದಲ್ಲಿಯೂ ಅಷ್ಟೇ, ಆಲಂಕಾರಿನಲ್ಲಿಯೂ ಅಷ್ಟೇ.

ಈಗ ನನ್ನ ಆಕ್ಷೇಪಕ್ಕೆ ಬರುತ್ತೇನೆ. "ಆಗ ಬೇರೆ ದಾರಿ ಇರಲಿಲ್ಲ ಸರ್" ಎಂಬ ಮಾತನ್ನು ಈ ವಿಷಯದಲ್ಲಿ ನಾನು ಕನಿಷ್ಠ ಹತ್ತು ಮಂದಿಯಿಂದ ಕೇಳಿದ್ದೇನೆ. ಇದು ಅರ್ಧಸತ್ಯ. 1990ರ ದಶಕದ ಮಟ್ಟಿಗೆ ಒಪ್ಪುತ್ತೇನೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗ, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗ, ನಮ್ಮಂಥವರಿಗೆ ಅದು ವರದಾನವೇ ಆಗಿತ್ತು. ಆ ಋಣವನ್ನು ಮರೆಯುವವನು ನಾನಲ್ಲ. ನಮ್ಮ ಜಿಲ್ಲೆಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿಯೇ ಈ ಲೇಖನವನ್ನು ಕುಟ್ಟುತ್ತಿದ್ದೇನೆ. ಆದರೆ ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಅದರಲ್ಲಿಯೇ ಕನ್ನಡವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗ' ಎಂಬ ಕನ್ನಡ ಯೂನಿಕೋಡ್ ಫಾಂಟ್ ಇತ್ತು. ನಾನು ಯಂತ್ರ ಕೊಂಡ ಅದೇ 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಗಿತ್ತು, ಯೂನಿಕೋಡಿನಲ್ಲಿಯೇ. ದಾರಿ ಇತ್ತು. ಅಧ್ಯಾಪಕರ ತರಬೇತಿ ಶಿಬಿರಗಳಲ್ಲಿ ಎರಡು ದಿನ ಕೂರಿಸಿ ನಮಗೆ ಯಾವ ಕೀಲಿಗೆ ಯಾವ ಒತ್ತಕ್ಷರ ಎಂದು ಬಾಯಿಪಾಠ ಮಾಡಿಸಿದವರು, "ನೀವು ಬರೆದದ್ದು ಇಪ್ಪತ್ತು ವರ್ಷಗಳ ಮೇಲೆ ತೆರೆಯದು" ಎಂಬ ಒಂದು ವಾಕ್ಯವನ್ನು ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೀಲಿಮಣೆ ಯಾವುದು ಶ್ರೇಷ್ಠವೆಂದು ವಾದಿಸುವುದರಲ್ಲಿ ನಮಗೆಲ್ಲ ಬಹಳ ಉತ್ಸಾಹವಿತ್ತು. ಬಾಗಿಲಿಗೆ ಯಾವ ಬಣ್ಣ ಎಂದು ಜಗಳಾಡುತ್ತ, ಪಂಚಾಂಗಕ್ಕೆ ಕಲ್ಲು ಹಾಕದೆ ಬಿಟ್ಟೆವು.

1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ 'ಮಂಗಳೂರ ಸಮಾಚಾರ'ವನ್ನು ಇಂದು ಎಂಟನೆಯ ತರಗತಿಯ ಹುಡುಗಿ ಸ್ವಲ್ಪ ತಡವರಿಸಿಯಾದರೂ ಓದುತ್ತಾಳೆ. ಕಿಟೆಲರ ನಿಘಂಟು 1894ರದ್ದು. ಅದನ್ನು ಬಿಡಿಸಲು ಯಾವ ತಂತ್ರಾಂಶವೂ ಬೇಡ, ಕನ್ನಡಕ ಸಾಕು. ತುಳು ಲಿಪಿಯ ತಾಳೆಗರಿಗಳನ್ನು ಓದುವವರು ಕಡಿಮೆಯಾದರೂ ಇದ್ದಾರೆ, ಆ ಲಿಪಿಗೂ 2024ರಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ಸ್ಥಾನ ದೊರೆಯಿತು. 2004ರ ನನ್ನ ಕಡತ ಮಾತ್ರ ಮೂಕ.

ಪದಗಳ ಪಟ್ಟಿಯ ಕಷ್ಟ ಬೇಗ ಪರಿಹಾರವಾಯಿತು. ಹಳೆಯ ಯಂತ್ರದ ಫಾಂಟ್‌ಗಳನ್ನು ನಕಲು ಮಾಡಿ ಹೊಸದರಲ್ಲಿ ಹಾಕಿದೊಡನೆ ಅಕ್ಷರಗಳು ಕಣ್ಣಿಗೆ ಕಂಡವು. ಉಚಿತವಾಗಿ ದೊರೆಯುವ ಪರಿವರ್ತಕಗಳಲ್ಲಿ ಹಾಕಿ ಯೂನಿಕೋಡಿಗೆ ತಂದೆ. ಅಲ್ಲಿಯೂ ಎಚ್ಚರ ಬೇಕು. ಹಳೆಯ ಕ್ರಮದಲ್ಲಿ ಅರ್ಕಾವತ್ತು ವ್ಯಂಜನದ ನಂತರ, ಯೂನಿಕೋಡಿನಲ್ಲಿ ರಕಾರ ಮೊದಲು. ಕೆಲವೆಡೆ 'ಸೂರ್ಯ' ಗ್ರಹಣ ಹಿಡಿದಂತೆ ಹೊರಬಂದ. ನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಸಸ್ಯಗಳ ಹೆಸರುಗಳನ್ನೂ ಯಂತ್ರ ಕನ್ನಡವೆಂದೇ ತಿಳಿದು ವಿಚಿತ್ರ ಪದಗಳನ್ನು ಸೃಷ್ಟಿಸಿತು. ಒಂದು ತಿಂಗಳು ಕೂತು ತಿದ್ದಿದೆ. ಉತ್ತರಪತ್ರಿಕೆ ತಿದ್ದಿದ ಕೈಗೆ ಅದು ಹೆಚ್ಚಲ್ಲ.

'ನೆರೆ' ಹಾಗಲ್ಲ. ಅದನ್ನು ನಾನು ಕುಟ್ಟಿದ್ದಲ್ಲ. ಶಾಲೆಯ ವಾರ್ಷಿಕ ಸಂಚಿಕೆಗೆಂದು ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಬೇರೊಂದು ವಾಣಿಜ್ಯ ತಂತ್ರಾಂಶದಲ್ಲಿ ಮಾಡಿಸಿ, ಕಡತವನ್ನು ಫ್ಲಾಪಿಯಲ್ಲಿ ತಂದು ಇಟ್ಟುಕೊಂಡಿದ್ದೆ. ಆ ತಂತ್ರಾಂಶದಲ್ಲಿ ಸಂಖ್ಯೆಗಳ ಹಂಚಿಕೆಯೇ ಬೇರೆ. ಅದು ನಡೆಯಬೇಕಾದರೆ ಯಂತ್ರದ ಹಿಂಭಾಗದಲ್ಲಿ, ಪ್ರಿಂಟರಿನ ತಂತಿ ಸಿಕ್ಕಿಸುವ ಕಿಂಡಿಗೆ ಒಂದು ಬೀಗವನ್ನು ಸಿಕ್ಕಿಸಬೇಕಿತ್ತು. ಹೌದು, ಬೀಗವೆಂದೇ ಅದಕ್ಕೆ ಹೆಸರು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿಯೇ ಇಲ್ಲ, ಆ ಅಂಗಡಿಯೂ ಇಲ್ಲ. ಅಮ್ಮನ ಮಾತನ್ನು ಅಮ್ಮನ ಭಾಷೆಯಲ್ಲಿ ಬರೆದ ಮಗ ಅದನ್ನು ಓದಲು ಯಾರದೋ ಬೀಗದ ಕೈಯನ್ನು ಹುಡುಕಬೇಕು. ತಂತ್ರಾಂಶ ಮಾಡಿದವರು ಬೆಲೆ ಕೇಳುವುದು ತಪ್ಪಲ್ಲ. ಅಕ್ಷರದ ಸಂಖ್ಯೆಯನ್ನೇ ಸ್ವಂತ ಆಸ್ತಿ ಮಾಡಿಕೊಳ್ಳುವುದನ್ನು ಯಾವ ನ್ಯಾಯದಿಂದ ಸಮರ್ಥಿಸಿಕೊಳ್ಳುತ್ತಾರೋ ನಾನರಿಯೆ. ಕಾಗುಣಿತದ ಮೇಲೆ ಬೇಲಿ ಹಾಕಲು ಇವರು ಯಾರು?

ಕೊನೆಗೆ ಅನ್ಯ ಮಾರ್ಗವಿಲ್ಲದೆ ನಾನೇ ಲಿಪಿಶೋಧಕನಾದೆ. ಅದೃಷ್ಟಕ್ಕೆ ಆ ವಾರ್ಷಿಕ ಸಂಚಿಕೆಯಲ್ಲಿ 'ನೆರೆ'ಯ ಒಂದೂವರೆ ಪುಟ ಅಚ್ಚಾಗಿತ್ತು, ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಒಂದು ಪ್ರತಿ ಸಿಕ್ಕಿತು. ಅಚ್ಚಿನ ಪುಟವನ್ನು ಎಡಗಡೆಯಲ್ಲಿಟ್ಟು, ಪರದೆಯ ಗೋಜಲನ್ನು ಬಲಗಡೆಯಲ್ಲಿಟ್ಟು, ಯಾವ ಚಿಹ್ನೆಗೆ ಯಾವ ಅಕ್ಷರವೆಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ. ಮೊದಲು ಮೂರು ಚಿಹ್ನೆಗಳ ಜೋಡಣೆ, ಆಮೇಲೆ ಎರಡರದ್ದು, ಕೊನೆಗೆ ಒಂಟಿ ಚಿಹ್ನೆ ಎಂಬ ಕ್ರಮದಲ್ಲಿ ಬದಲಿಸದಿದ್ದರೆ ಎಲ್ಲವೂ ಕಲಸಿಹೋಗುತ್ತದೆ ಎಂಬುದು ನಾಲ್ಕು ದಿನ ಕಳೆದ ಮೇಲೆ ತಿಳಿಯಿತು. 'ಞ' ಆ ಒಂದೂವರೆ ಪುಟದಲ್ಲಿ ಇರಲೇ ಇಲ್ಲ, ಊಹಿಸಬೇಕಾಯಿತು. ಮೂರನೆಯ ವಾರದಲ್ಲಿ ಒಂದು ರಾತ್ರಿ, "ನೀರು ಅಂಗಳಕ್ಕೆ ಬಂದಾಗ ಮೊದಲು ಬಿಚ್ಚಿದ್ದು ದನಗಳನ್ನು" ಎಂಬ ಅಮ್ಮನ ವಾಕ್ಯ ಇಡಿಯಾಗಿ ಪರದೆಯ ಮೇಲೆ ಬಂತು. ಮನೆಯವಳನ್ನು ಎಬ್ಬಿಸಿ ಓದಿ ಹೇಳಿದೆ.

ಹದಿನೇಳು ಪುಟ ಬಂದವು. ಉಳಿದ ಎರಡು ಪುಟಗಳಿದ್ದ ಭಾಗ ಡಿಸ್ಕಿನಲ್ಲಿ ಕೆಟ್ಟಿದೆ. ದೋಣಿಯವರ ಮಾತು ಅಲ್ಲಿತ್ತು.

ಇದೆಲ್ಲ ಹಳೆಯ ಕಥೆ, ಈಗ ಎಲ್ಲರೂ ಮೊಬೈಲಿನಲ್ಲಿ ಯೂನಿಕೋಡಿನಲ್ಲಿಯೇ ಬರೆಯುತ್ತಾರಲ್ಲ ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇನೆ. ಮೊನ್ನೆ ಒಂದು ಬ್ರಹ್ಮಕಲಶದ ಸ್ಮರಣ ಸಂಚಿಕೆಗೆ ಲೇಖನ ಕೇಳಿದ್ದರು. ಕಳುಹಿಸಿದೆ. ಮರುದಿನ ಸಮಿತಿಯ ಉತ್ಸಾಹಿ ತರುಣರಿಂದ ಉತ್ತರ: "ಸರ್, ಯೂನಿಕೋಡ್ ಬೇಡವಂತೆ. ಹಳೆಯ ಫಾಂಟಿಗೆ ಬದಲಿಸಿ ಕಳುಹಿಸಿ, ಪ್ರೆಸ್ಸಿನವರದ್ದು ಪೇಜ್‌ಮೇಕರ್." ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದು ಎರಡು ದಶಕಗಳು ಕಳೆದಿವೆ. ಯೂನಿಕೋಡಿನಲ್ಲಿ ಅಂದದ ಫಾಂಟ್‌ಗಳಿಲ್ಲ ಎಂಬ ಸಬೂಬೂ ಈಗ ನಡೆಯದು: ನೋಟೊ, ಬಾಲೂ ತಮ್ಮ, ತಿರೋ ಕನ್ನಡ ಎಂದು ಎಷ್ಟೋ ಇವೆ, ಒಂದು ಪೈಸೆ ಕೊಡಬೇಕಾಗಿಲ್ಲ. ಪುಟ ಕಟ್ಟುವ ಇಂದಿನ ತಂತ್ರಾಂಶಗಳು ಕನ್ನಡವನ್ನು ಚೆನ್ನಾಗಿಯೇ ಕೂಡಿಸುತ್ತವೆ. ಆದರೂ ದೇವಸ್ಥಾನದ ಸಂಚಿಕೆ, ಸಹಕಾರಿ ಸಂಘದ ವರದಿ, ಅಭಿನಂದನ ಗ್ರಂಥ, ಹೀಗೆ ಒಂದು ಊರಿನ ಚರಿತ್ರೆ ಎಲ್ಲೆಲ್ಲಿ ದಾಖಲಾಗುತ್ತದೆಯೋ ಅಲ್ಲೆಲ್ಲ ಇಂದಿಗೂ ಸರಿಯಾದ ಕನ್ನಡವನ್ನು ತೆಗೆದುಕೊಂಡು 80, 192 ಮಾಡುವ ಕೆಲಸ ನಡೆದಿದೆ. ಗುಜರಿಗೆ ಹೋಗಬೇಕಾದದ್ದು ನಮ್ಮ ಚಾವಡಿಯ ಪೆಟ್ಟಿಗೆಯೋ, ಈ ಅಭ್ಯಾಸವೋ?

ಬದಲಿಸಿ ಕೊಡುವುದಿಲ್ಲವೆಂದು ತಿಳಿಸಿದೆ. "ಹಾಗಾದರೆ ಹೇಗೆ ಸರ್?" ಎಂದರು. ಲೇಖನವನ್ನು ಕೈಯಲ್ಲಿ ಬರೆದು, ಆಲಂಕಾರಿನ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿ ಕಳುಹಿಸಿದ್ದೇನೆ. ಒಂದು ಪ್ರತಿಯನ್ನು ನಾನೂ ಇಟ್ಟುಕೊಂಡಿದ್ದೇನೆ, ಈ ಸಲ ತಗಡಿನ ಪೆಟ್ಟಿಗೆಯಲ್ಲಿ, ಕರ್ಪೂರ ಹಾಕಿ.