ಮನೆತನದ ಕಾಯಿಲೆ ಶಾಪವಲ್ಲ

ಬಜಪೆ ಸುತ್ತಿನ ರೈತ ಬಾಂಧವರೇ, ಬೀಜದ ತೆಂಗು ಆರಿಸುವಾಗ ನೀವು ತಾಯಿಮರ ನೋಡುತ್ತೀರಿ. ಕರು ಕೊಳ್ಳುವಾಗ ಅದರ ತಾಯಿಯ ಹಾಲಿನ ಲೆಕ್ಕ ಕೇಳುತ್ತೀರಿ. ಗುಣ ತಳಿಯಲ್ಲಿ ಇಳಿದು ಬರುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಒಂದೇ ಮನೆಯಲ್ಲಿ ತಲೆಮಾರುಗಳಿಂದ ಒಂದೇ ಕಾಯಿಲೆ ಕಂಡರೆ ಮಾತ್ರ ನಾವು ಆ ತಿಳುವಳಿಕೆ ಬದಿಗಿಟ್ಟು ದೋಷ, ಶಾಪ ಎನ್ನುತ್ತೇವೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಆದುದನ್ನು ನೋಡಿ. 1974-75ರ ಸುಮಾರಿಗೆ ಅಲ್ಲಿನ ಕೃಷಿ ಕಾರ್ಮಿಕ ಕುಟುಂಬಗಳಲ್ಲಿ ಸೊಂಟ, ಮಂಡಿಗಳ ಕೀಲುನೋವು ಕಾಣಿಸಿತು. ಕೆಲವರು ನಡೆಯಲಾರದಾದರು, ಕೆಲವರು ಕುಳ್ಳಾಗಿಯೇ ಉಳಿದರು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಶಂಕೆ ಹಬ್ಬಿತು. ಮುಂದೆ ಕುಟುಂಬಗಳ ವಂಶಾವಳಿ ಪರಿಶೀಲಿಸಿದ ಸಂಶೋಧಕರು ಇದು ಆನುವಂಶಿಕ ಮೂಳೆರೋಗವೆಂದು ಗುರುತಿಸಿದರು. ಇದು ಅಂಟುರೋಗವಲ್ಲ, ಯಾರ ತಪ್ಪೂ ಅಲ್ಲ.

ಸಾಮಾನ್ಯವಾಗಿ ಪ್ರತಿ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ ಬರುತ್ತದೆ. ಹಂದಿಗೋಡು ರೋಗಕ್ಕೆ ಕೆಟ್ಟದ್ದು ಒಂದಿದ್ದರೂ ಸಾಕು. ತಂದೆ ತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ, ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ನಾಣ್ಯ ಚಿಮ್ಮಿದಂತೆ ಅರ್ಧಕ್ಕರ್ಧ ಸಂಭವ.

ಇನ್ನು ಕೆಲವು ರೋಗಗಳು ಅಡಗಿ ಬರುತ್ತವೆ. ಕಿತ್ತಳೆ ಬಣ್ಣದ ಗಿಡ್ಡ ತೆಂಗಿಗೆ ಎತ್ತರದ ತಳಿಯ ಪರಾಗ ಕೂಡಿಸಿದರೆ, ಸಂಕರ ಸಸಿಯ ಎಲೆದಂಟಿನಲ್ಲಿ ಆ ಕಿತ್ತಳೆ ಕಾಣದು. ಆದರೆ ಒಳಗೆ ಇದ್ದೇ ಇರುತ್ತದೆ. ಮೈಸೂರು, ಚಾಮರಾಜನಗರ ಜಿಲ್ಲೆಗಳ ಗಿರಿಜನರಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತರೋಗವೂ ಹೀಗೆಯೇ. ದೋಷವನ್ನು ಹೊತ್ತ ಇಬ್ಬರು ಆರೋಗ್ಯವಂತರು ಮದುವೆಯಾದರೆ ಪ್ರತಿ ಮಗುವಿಗೆ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರೂ ಅದೇ ದೋಷ ಹೊತ್ತಿರುವ ಸಂಭವ ಹೆಚ್ಚು.

ಆದ್ದರಿಂದ ಮನೆಯ ಕಾಯಿಲೆಯನ್ನು ಮುಚ್ಚಿಡಬೇಡಿ. ಮೂರು ತಲೆಮಾರಿನಲ್ಲಿ ಯಾರಿಗೆ ಏನಿತ್ತೆಂದು ಹಿರಿಯರಿಂದ ಕೇಳಿ ಬರೆದಿಡಿ. ಮದುವೆಗೆ ಮೊದಲೇ ಅದನ್ನು ವೈದ್ಯರಿಗೆ ತೋರಿಸಿ. ಸಿಕಲ್ ಸೆಲ್ ದೋಷ ಹೊತ್ತವರನ್ನು ರಕ್ತಪರೀಕ್ಷೆಯಿಂದ ಗುರುತಿಸಬಹುದು. ಹಂದಿಗೋಡು ರೋಗವನ್ನು ಬೇರುಸಹಿತ ತೆಗೆಯುವ ಮದ್ದಿಲ್ಲ. ನೋವು ತಗ್ಗಿಸುವ ಚಿಕಿತ್ಸೆ, ಕೀಲಿನ ಶಸ್ತ್ರಚಿಕಿತ್ಸೆ ಉಂಟು.

ಮಗುವಿಗೆ ರೋಗ ಬಂದರೆ ಸೊಸೆಯ ಕಾಲ್ಗುಣವೆಂದು ದೂರುವ ಚಾಳಿಯನ್ನು ಇಂದೇ ಬಿಡೋಣ. ಕರುವಿನ ತಳಿ ವಿಚಾರಿಸುವ ನಾವು ಮಕ್ಕಳ ವಿಷಯದಲ್ಲಿ ಕಣ್ಣು ಮುಚ್ಚಬಾರದು.