ಬೀದಿಯ ಬದುಕೂ ಹಕ್ಕೇ

ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದೊಡನೆ ನಗರ ಸುಂದರವಾಗುವುದೆಂದು ನಂಬಿದ ನಗರಾಡಳಿತಗಳಿಗೆ ದೇಶದಲ್ಲಿ ಕೊರತೆಯಿಲ್ಲ. ಬುಟ್ಟಿ ತಕ್ಕಡಿಗಳು ಲಾರಿ ಸೇರುವುದನ್ನೇ ಅವು ಸುಧಾರಣೆಯೆಂದು ಕರೆಯುತ್ತವೆ.

ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ, ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಸಾರಿತು. ಆದರೂ ಮಳೆಗಾಲ ಕಳೆದ ಮೇಲೆ ಅವರನ್ನು ತೆರವುಗೊಳಿಸಲು ಅನುಮತಿಯಿತ್ತಿತು. ಹಕ್ಕು ತೀರ್ಪಿನಲ್ಲುಳಿಯಿತು, ಆಸರೆ ಉಳಿಯಲಿಲ್ಲ.

ಹಕ್ಕಿಗೆ ವಿಧಾನವೂ ಬೇಕೆಂಬುದನ್ನು ಬೀದಿ ವ್ಯಾಪಾರಿಗಳ 2014ರ ಕಾಯಿದೆ ಒಪ್ಪಿತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಯಾರನ್ನೂ ಎಬ್ಬಿಸಕೂಡದು. ಸ್ಥಳಾಂತರಕ್ಕೆ 30 ದಿನಗಳ ಸೂಚನೆ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಈ ಸಮಿತಿಯನ್ನು ಕೇಳದೆ ಲಾರಿ ಕಳುಹಿಸುವ ಅಧಿಕಾರಿಯೇ ಕಾನೂನಿನ ಅತಿಕ್ರಮಣಕಾರ.

ಪಾದಚಾರಿಗೆ ಹಕ್ಕಿಲ್ಲವೇ ಎಂದು ಆಕ್ಷೇಪಿಸುವವರುಂಟು. ಖಂಡಿತವಾಗಿ ಇದೆ. ಎರಡು ಹಕ್ಕುಗಳು ಎದುರಾದಾಗ ಅಳೆದು ಜಾಗ ಹಂಚುವುದೇ ಆಡಳಿತದ ಧರ್ಮ. ಬಡವನ ಹಕ್ಕನ್ನೇ ಅಳಿಸುವುದು ಆಡಳಿತವಲ್ಲ, ಆಲಸ್ಯ.

ಮನೆಬಾಗಿಲಿಗೆ ಸೊಪ್ಪು ತರುವವಳಿಗೆ ಎಡೆಯಿಲ್ಲದ ನಗರವು ಎಷ್ಟು ಗುಡಿಸಿದರೂ ಶುಚಿಯಾಗದು.