ಅಡುಗೆ ಮಾಡಿದವರೂ ಬುತ್ತಿ ಕಟ್ಟಿದವರೂ

ತಂತ್ರಾಂಶವೊಂದನ್ನು ಬರೆದವರ ಹೆಸರನ್ನು ಜನ ನೆನೆಯುತ್ತಾರೆ. ಅದನ್ನು ಪ್ಯಾಕೇಜಾಗಿ ಕಟ್ಟಿ ನಮ್ಮ ಗಣಕಕ್ಕೆ ತಲುಪಿಸಿದವರನ್ನು ಯಾರೂ ವಿಚಾರಿಸುವುದಿಲ್ಲ. ಇದು ಸರಿಯಲ್ಲವೆಂದು ನನಗೆ ಈಚೆಗೆ ಬಲವಾಗಿ ಅನ್ನಿಸತೊಡಗಿದೆ.

ನಿಮಗೆ ಪಾಠ ಹೇಳಲು ಸಿದ್ಧಪಡಿಸಿದ್ದ ವ್ಯಾಕರಣದ ಟಿಪ್ಪಣಿಗಳನ್ನು ನಾನು ಯೂನಿಕೋಡ್ ಪೂರ್ವದ ಒಂದು ಫಾಂಟಿನಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ. ಗಣಕ ಬದಲಾಯಿತು, ಫಾಂಟು ಹೋಯಿತು. ಸಂಧಿ ಸಮಾಸಗಳೆಲ್ಲ ರೋಮನ್ ಅಕ್ಷರಗಳ ಕಲಸುಮೇಲೋಗರವಾದವು. ಪರಿವರ್ತಕಗಳಿಂದ ಬಹುಪಾಲು ಮರಳಿತು, ಎಲ್ಲವೂ ಅಲ್ಲ. ಅಂದಿನಿಂದ ಯೂನಿಕೋಡಿನಲ್ಲಿ, ಸರಳ ಪಠ್ಯದ ಕಡತಗಳಲ್ಲಿಯೇ ಬರೆಯುತ್ತೇನೆ. ಅದಕ್ಕೆ ರೂಪ ಕೊಡಲು ಟೆಕ್ಸ್ಟ್2ಟ್ಯಾಗ್ಸ್ ಎಂಬ ಪುಟ್ಟ ಸಾಧನವಿದೆ. ಬ್ರೆಜಿಲಿನ ಆರೇಲಿಯೊ ಜಾರ್ಗಸ್ 2001ರಲ್ಲಿ ಹೊರತಂದದ್ದು. ಕಡತದ ಮೊದಲ ಮೂರು ಸಾಲುಗಳು ಶೀರ್ಷಿಕೆ, ಲೇಖಕ, ದಿನಾಂಕಗಳಿಗೆ ಮೀಸಲು. ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರಚಿಹ್ನೆ ಇಟ್ಟರೆ ದಪ್ಪಕ್ಷರ, ಎರಡೆರಡು ಓರೆಗೆರೆ ಇಟ್ಟರೆ ಓರೆಯಕ್ಷರ. ಒಂದೇ ಮೂಲದಿಂದ ಜಾಲಪುಟವನ್ನೂ ಮುದ್ರಣಕ್ಕೆ ಬೇಕಾದ ಲಾಟೆಕ್ ಕಡತವನ್ನೂ ಪಡೆಯಬಹುದು. ಸಾಧನವೇ ಇಲ್ಲವಾದರೂ ಬರಹವನ್ನು ಹಾಗೆಯೇ ಓದಬಹುದೆಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ.

ಇಷ್ಟು ಹಗುರವಾದುದಕ್ಕೆ ಪ್ಯಾಕೇಜೇಕೆ, ನಕಲು ಮಾಡಿಕೊಂಡರಾಯಿತಲ್ಲ ಎನ್ನುವಿರಿ. ನಾನೂ ಹಾಗೆಂದೇ ಅದನ್ನು ಪೆನ್‌ಡ್ರೈವಿನಲ್ಲಿ ಹೊತ್ತು ತಿರುಗಿದವನು! ಆದರೆ ನನ್ನ ಬಳಿಯಿದ್ದ ಆವೃತ್ತಿ ಪೈಥಾನ್ 2 ಅನ್ನು ನೆಚ್ಚಿತ್ತು. ಪೈಥಾನ್ 2ಕ್ಕೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಹೊಸ ಗಣಕದಲ್ಲಿ ಪೈಥಾನ್ 3 ಮಾತ್ರವಿತ್ತು. ನನ್ನ ಪ್ರತಿಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಆದರೂ ಅದು ಓಡಲಿಲ್ಲ. ಪೈಥಾನ್ 3ಕ್ಕೆ ಹೊಂದಿಸಿದ ಹೊಸ ಆವೃತ್ತಿಯನ್ನು ಹುಡುಕಿಕೊಳ್ಳಬೇಕಾಯಿತು.

ಪ್ಯಾಕೇಜು ಕಟ್ಟುವವರು ಇದನ್ನು ಮೊದಲೇ ಯೋಚಿಸಿರುತ್ತಾರೆ. ಡೆಬಿಯನ್ ಪ್ಯಾಕೇಜೊಂದನ್ನು ಬಿಚ್ಚಿದರೆ ಕಾರ್ಯಕ್ರಮದ ಕಡತಗಳ ಜೊತೆಗೆ ಕಂಟ್ರೋಲ್ ಎಂಬ ಚಿಕ್ಕ ಕಡತವೊಂದು ಸಿಗುತ್ತದೆ. ಅದೂ ಸರಳ ಪಠ್ಯವೇ. ಹೆಸರು, ಆವೃತ್ತಿ, ಕಿರುವಿವರಣೆ, ಇದು ನಡೆಯಲು ಮತ್ತಾವುದು ಇರಬೇಕೆಂಬ ಪಟ್ಟಿ. ನಿಜವಾದ ವಿವೇಕ ಬೇಕಾಗುವುದು ಆ ಪಟ್ಟಿಯಲ್ಲಿಯೇ. ಅಗತ್ಯವಾದುದನ್ನು ಬಿಟ್ಟರೆ ಸಾಧನ ಓಡದು. ಇದ್ದರೆ ಒಳ್ಳೆಯದು ಎಂಬುದನ್ನೆಲ್ಲ ಕಡ್ಡಾಯಗೊಳಿಸಿದರೆ ಜಾಲಪುಟವಷ್ಟೇ ಬೇಕಾದವನ ಮೇಲೂ ಇಡೀ ಲಾಟೆಕ್ ಸಂಸಾರ ಬಂದು ಬೀಳುತ್ತದೆ. ಆದುದರಿಂದ ಕಡ್ಡಾಯ, ಶಿಫಾರಸು, ಸಲಹೆ ಎಂದು ಬೇರೆ ಬೇರೆ ಸಾಲುಗಳಿವೆ. ಹೊಣೆ ಹೊತ್ತವರ ಹೆಸರು, ಮಿಂಚಂಚೆ ವಿಳಾಸಗಳಿಗೂ ಅಲ್ಲಿ ಒಂದು ಸಾಲುಂಟು. ಉತ್ತರಪತ್ರಿಕೆಯ ಮೇಲೆ ಮೌಲ್ಯಮಾಪಕ ಸಹಿ ಮಾಡಿದಂತೆ ಎಂದುಕೊಳ್ಳುತ್ತೇನೆ.

ನಿಮ್ಮಲ್ಲಿ ಅನೇಕರು ತಂತ್ರಾಂಶ ಕ್ಷೇತ್ರದಲ್ಲಿದ್ದೀರಿ. "ಅಂಥ ಕೆಲಸವನ್ನು ಬಯೋಡಾಟಾದಲ್ಲಿ ಹಾಕಿಕೊಂಡರೆ ಯಾರು ನೋಡುತ್ತಾರೆ ಸಾರ್?" ಎಂದು ಒಬ್ಬ ಶಿಷ್ಯ ನಕ್ಕಿದ್ದ. ಕನ್ನಡಕ್ಕಾಗಿ ಸಣ್ಣಪುಟ್ಟ ಸಾಧನಗಳನ್ನು ಬರೆದು ಎಲ್ಲೋ ಇಟ್ಟು ಮರೆಯುವವರನ್ನು ಕಂಡಿದ್ದೇನೆ. ಹೊಸದೊಂದನ್ನು ಬರೆಯುವ ಮುನ್ನ ಅವುಗಳಲ್ಲಿ ಒಂದನ್ನಾದರೂ ಸರಿಯಾಗಿ ಕಟ್ಟಿಕೊಡಿರೆಂದು ಕೇಳುತ್ತೇನೆ.

ಅಂದಹಾಗೆ, ನನ್ನ ಟಿಪ್ಪಣಿಗಳಲ್ಲಿ ತದ್ಧಿತ ಪ್ರಕರಣ ಇನ್ನೂ ಮರಳಿಲ್ಲ. ತರಗತಿಯಲ್ಲಿ ಹಂಚಿದ್ದ ಮುದ್ರಿತ ಪ್ರತಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ಕಳುಹಿಸಿಕೊಡಿ, ಮತ್ತೆ ಬೆರಳಚ್ಚು ಮಾಡಿಕೊಳ್ಳುತ್ತೇನೆ.